ಬಂದರು ದಾಟಿದ ಒಣಮೀನು ಅಂಗಡಿಯಲ್ಲಿ ಸಿಕ್ಕಿಬೀಳುವುದೇಕೆ?

ಅಮೆರಿಕದಲ್ಲಿ ದಿನಸಿ ಅಂಗಡಿ ತೆರೆಯುವ ನಮ್ಮ ಕರಾವಳಿಯವರು ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ) ನೋಂದಣಿ, ಸರಕು ಬರುವ ಮುಂಗಡ ಸೂಚನೆ, ಕಸ್ಟಮ್ಸ್ ಬ್ರೋಕರ್ ಎಲ್ಲವನ್ನೂ ಸರಿಯಾಗಿಯೇ ಮಾಡಿಕೊಂಡಿರುತ್ತಾರೆ. ಅದನ್ನು ಮತ್ತೆ ಹೇಳಬೇಕಿಲ್ಲ. ದುಡ್ಡು ಮುಳುಗುವುದು ಒಣಮೀನಿನ ಕರುಳಿನಿಂದ.

ಉಪ್ಪು ಹಾಕಿದ, ಒಣಗಿಸಿದ ಅಥವಾ ಹೊಗೆ ಹಿಡಿಸಿದ ಮೀನು 5 ಇಂಚಿಗಿಂತ ಉದ್ದವಿದ್ದು ಒಳಗೆ ಕರುಳು ಉಳಿದಿದ್ದರೆ ಇಲ್ಲಿ ಮಾರುವಂತಿಲ್ಲ. ಬೊಟುಲಿಸಂ (ನರಗಳನ್ನು ಕಟ್ಟಿಹಾಕಿ ಪ್ರಾಣಕ್ಕೇ ಕುತ್ತು ತರಬಲ್ಲ ವಿಷಬಾಧೆ) ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಮೀನಿನ ಬೇರೆ ಭಾಗಕ್ಕಿಂತ ಕರುಳಿನಲ್ಲೇ ಹೆಚ್ಚು. 1987ರಲ್ಲಿ ಇಂಥ ಮೀನು ತಿಂದು ನ್ಯೂಯಾರ್ಕ್ ಮತ್ತು ಇಸ್ರೇಲ್‌ನಲ್ಲಿ 8 ಮಂದಿ ಕಾಯಿಲೆ ಬಿದ್ದಿದ್ದರು. ಈ ಬ್ಯಾಕ್ಟೀರಿಯಾ ಉಂಟುಮಾಡುವ ವಿಷ ವಾಸನೆಯಿಂದಲೂ ರುಚಿಯಿಂದಲೂ ಗೊತ್ತಾಗುವುದಿಲ್ಲ. ಕೊಲ್ಲತರುವಿನಂಥ ಪುಟ್ಟ ಮೀನಿಗೆ ವಿನಾಯಿತಿ ಇದೆ, ಆದರೆ ಅದಕ್ಕೂ ಉಪ್ಪು ಅಥವಾ ಒಣಗಿದ ಮಟ್ಟ ಸಾಕಷ್ಟಿರಬೇಕು. ಇಡಿಯಾಗಿ ಒಣಗಿಸಿದ ಬಂಗುಡೆ, ಬೂತಾಯಿಗಳಲ್ಲೇ ಜನ ಸಿಕ್ಕಿಕೊಳ್ಳುವುದು.

ಉಡುಪಿ ಕಡೆಯ ಪರಿಚಿತರೊಬ್ಬರ ಸರಕಿಗೆ ಬಂದರಿನಲ್ಲಿ ‘ಮೇ ಪ್ರೊಸೀಡ್’ (ಮುಂದೆ ಹೋಗಬಹುದು) ಎಂಬ ಸೂಚನೆ ಬಂದಿತ್ತು. ಎಫ್‌ಡಿಎ ಒಪ್ಪಿತು ಎಂದುಕೊಂಡು ಅವರು ಇಡೀ ಸರಕನ್ನು ಮಾರಾಟಕ್ಕಿಟ್ಟರು. ಆದರೆ ಅದು ಒಪ್ಪಿಗೆಯಲ್ಲ. ಎಫ್‌ಡಿಎ ಪರೀಕ್ಷೆ ಮಾಡದೆ ಮುಂದೆ ಬಿಟ್ಟಿದೆ ಎಂದಷ್ಟೇ ಅದರ ಅರ್ಥ. ಸರಕು ಕಾನೂನಿಗೆ ಸರಿಯಿದೆ ಎಂದು ಯಾರೂ ತೀರ್ಮಾನಿಸಿರುವುದಿಲ್ಲ. ಆಮೇಲೆ ರಾಜ್ಯದ ಇನ್‌ಸ್ಪೆಕ್ಟರ್ ಕಪಾಟಿನಿಂದ ಒಂದು ಪ್ಯಾಕೆಟ್ ಒಯ್ದರು. ಹೊಟ್ಟೆ ಸೀಳಿದರೆ ಕರುಳು ಹಾಗೇ ಇತ್ತು. ಮಾರಿದ್ದನ್ನು ವಾಪಸು ಕರೆಸಬೇಕಾಯಿತು, ಉಳಿದದ್ದು ಕಸಕ್ಕೆ ಹೋಯಿತು, ನಷ್ಟ ಪೂರ್ತಿ ಅವರದೇ. ಸರಬರಾಜುದಾರ ಫೋನನ್ನೇ ಎತ್ತಲಿಲ್ಲ. ನ್ಯೂಯಾರ್ಕ್ ರಾಜ್ಯದ ಕೃಷಿ ಮತ್ತು ಮಾರುಕಟ್ಟೆ ಇಲಾಖೆ ಇಂಥ ಮೀನಿನ ಬಗ್ಗೆ ಆಗಾಗ ಗ್ರಾಹಕರಿಗೆ ಎಚ್ಚರಿಕೆ ಪ್ರಕಟಿಸುತ್ತದೆ, ಆಮದುದಾರನ ಹೆಸರು ಸಮೇತ. ಊರಿನವರ ನಡುವೆ ವ್ಯಾಪಾರ ಮಾಡುವವರಿಗೆ ದಂಡಕ್ಕಿಂತ ದೊಡ್ಡ ಪೆಟ್ಟು ಅದು.

ನನ್ನ ಮಟ್ಟಿಗೆ ಯುರೋಪಿನ ಪದ್ಧತಿಯೇ ಮೇಲು. ಅವರು ಮೊದಲು ದೇಶವನ್ನು, ಆಮೇಲೆ ಕಾರ್ಖಾನೆಯನ್ನು ಒಪ್ಪಿದ ಮೇಲಷ್ಟೇ ಮೀನು ಹಡಗು ಹತ್ತುತ್ತದೆ. ಭಾರತದ ಸಾಕಣೆ ಸಿಗಡಿಯಲ್ಲಂತೂ 2016ರಿಂದ ಅರ್ಧದಷ್ಟು ಸರಕನ್ನು ಗಡಿಯಲ್ಲೇ ಪರೀಕ್ಷಿಸತೊಡಗಿದರು. ಅಮೆರಿಕ ಹೊಣೆಯನ್ನೆಲ್ಲ ಆಮದುದಾರನ ತಲೆಗೆ ಕಟ್ಟಿ ಬಂದರಿನಲ್ಲಿ ಬಹುಪಾಲು ಸರಕನ್ನು ತೆರೆಯದೆ ಬಿಡುತ್ತದೆ. ಬಡಪಾಯಿ ಅಂಗಡಿಯವನಿಗೆ ತಪ್ಪು ತಿಳಿಯುವುದು ಹಣ ಕೊಟ್ಟಾದ ಮೇಲೆ. ಆದರೂ ಕಪಾಟಿನವರೆಗೆ ಬಂದು ಹೊಟ್ಟೆ ಸೀಳಿ ನೋಡುವ ರಾಜ್ಯದವರನ್ನು ನಾನು ದೂರುವುದಿಲ್ಲ. ತಿನ್ನುವ ಜನರನ್ನು ಕೊನೆಗೆ ಕಾಪಾಡುತ್ತಿರುವವರು ಅವರೇ.

ಆರ್ಡರ್ ಕೊಡುವ ಮುಂಚೆ ಎಫ್‌ಡಿಎಯ 16-74 ಆಮದು ಎಚ್ಚರಿಕೆಯ ಪಟ್ಟಿಯಲ್ಲಿ (ಯಾರ ಇಂಥ ಮೀನನ್ನು ಪರೀಕ್ಷೆಯಿಲ್ಲದೆಯೇ ತಡೆಹಿಡಿಯಬಹುದೋ ಅವರ ಪಟ್ಟಿ) ಸರಬರಾಜುದಾರನ ಹೆಸರಿದೆಯೇ ನೋಡಿ. ಕರುಳು ತೆಗೆದಿದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಸರಕು ಬಂದ ದಿನವೇ ಪ್ರತಿ ಪೆಟ್ಟಿಗೆಯಿಂದ ಒಂದೆರಡು ಮೀನು ನೀವೇ ಸೀಳಿ ನೋಡಿ. ಕರುಳು ಕಂಡರೆ ಒಂದು ಪ್ಯಾಕೆಟ್ಟನ್ನೂ ಹೊರಗಿಡಬೇಡಿ. ಇಂಥ ಮೀನು ತಿಂದವರಿಗೆ ಕಣ್ಣಿಗೆ ಎಲ್ಲ ಎರಡೆರಡಾಗಿ ಕಂಡರೆ, ರೆಪ್ಪೆ ಜೋತರೆ, ನುಂಗಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ, ಏನು ತಿಂದರೆಂದು ವೈದ್ಯರಿಗೆ ಹೇಳಿ.