ಬಿಸಿಲಿಗೆ ಜಗ್ಗದ ಮೇಣದ ಮೂತ್ರಪಿಂಡ ಮಾಡುವ ಬಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅನಾಟಮಿ ಮ್ಯೂಸಿಯಂಗೆ ಮೇಣದ ಮಾದರಿ ಮಾಡುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಏಪ್ರಿಲ್ ಬಿಸಿಲನ್ನು. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ. ಆದರೆ ಶೀಟಿನ ಚಾವಣಿಯ ಕೆಳಗೆ ಅದು ಕರಗುವ ಮೊದಲೇ ಮೆತ್ತಗಾಗಿ ಜಗ್ಗುತ್ತದೆ. ಹಾಗಾಗಿ ಬರೀ ಜೇನುಮೇಣ ಸಾಲದು.

ಉದ್ದಕ್ಕೆ ಸೀಳಿದ ಮೂತ್ರಪಿಂಡವನ್ನು ಎರಡು ಪಟ್ಟು ಅಳತೆಯಲ್ಲಿ ಮಾಡೋಣ: 22 ಸೆಂ.ಮೀ. ಉದ್ದ, 12 ಅಗಲ, 2 ದಪ್ಪ. ಇದಕ್ಕೆ ಜೇನುಮೇಣ 380 ಗ್ರಾಂ, ಕಾರ್ನೌಬಾ ಮೇಣ (ತಾಳೆ ಜಾತಿಯ ಮರದ ಎಲೆಯಿಂದ ಬರುವ ಗಟ್ಟಿ ಮೇಣ) 50, ಪುಡಿ ಮಾಡಿದ ರಾಳ 20 ಗ್ರಾಂ. ಕಾರ್ನೌಬಾ 82 ಡಿಗ್ರಿ ದಾಟಿದ ಮೇಲೇ ಕರಗುವುದರಿಂದ ಅದನ್ನೂ ರಾಳವನ್ನೂ ಮೊದಲು ಹಾಕಿ. ರಾಳ ಹೆಚ್ಚಾದರೆ ಮಾದರಿ ಬಿರುಸಾಗಿ ಅಂಚು ಮುರಿಯುತ್ತದೆ. ಲ್ಯಾಬಿನ ಪ್ಯಾರಾಫಿನ್ ಬೆರೆಸಬೇಡಿ. ಆರುವಾಗ ಅದು ಹೆಚ್ಚು ಕುಗ್ಗಿ ನಡುವೆ ಗುಳಿ ಬೀಳುತ್ತದೆ. ಮೇಣದ ಡಬ್ಬಿಯನ್ನು ಕುದಿಯುವ ನೀರಿನ ಪಾತ್ರೆಯೊಳಗೇ ಇಡಿ, ನೇರ ಉರಿಗೆ ಬೇಡ. ಹೊತ್ತಿಕೊಂಡರೆ ಮುಚ್ಚಳ ಮುಚ್ಚಿ, ನೀರು ಸುರಿಯಲೇಬಾರದು.

ಮೂಲರೂಪವನ್ನು ಕುಂಬಾರರ ಜೇಡಿಮಣ್ಣಿನಲ್ಲಿ, ಸೀಳಿದ ಮುಖ ಮೇಲಾಗಿ ಮಾಡಿ. ಮಟನ್ ಅಂಗಡಿಯ ಕುರಿ ಕಿಡ್ನಿ ನೋಡಿ ಒಳಭಾಗ ಮಾಡುವುದು ದೊಡ್ಡ ತಪ್ಪು: ಅದರಲ್ಲಿ ಪಿರಮಿಡ್‌ಗಳು, ಅಂದರೆ ಒಳಭಾಗದ ಶಂಕುವಿನಾಕಾರದ ತುಂಡುಗಳು, ಕೂಡಿ ಒಂದೇ ದಿಂಡಾಗಿರುತ್ತವೆ. ಮನುಷ್ಯನಲ್ಲಿ ಅವು ಬೇರೆ ಬೇರೆ. ಒಂದು ಸೀಳಿನಲ್ಲಿ ಎಂಟು ತೋರಿಸಿದರೆ ಸಾಕು. ಅಗಲದ ಬುಡ ಹೊರಕ್ಕೆ, ತುದಿ ಕೇಲಿಕ್ಸ್‌ನೊಳಕ್ಕೆ (ಮೂತ್ರ ಇಳಿಯುವ ಬಟ್ಟಲು). ಪಿರಮಿಡ್‌ಗಳನ್ನು ಸುತ್ತಲಿನ ಕಾರ್ಟೆಕ್ಸ್‌ಗಿಂತ (ಹೊರಪದರ) 3 ಮಿ.ಮೀ. ಎತ್ತರಿಸಿ, ತುದಿಯ ಕಡೆಗೆ ಬಾಚಣಿಗೆಯಿಂದ ಗೆರೆ ಎಳೆಯಿರಿ. ಈ ಎತ್ತರದ ಪಕ್ಕಗಳು ಕೆಳಗೆ ಹೋದಂತೆ ಕೊಂಚ ಅಗಲವಾಗುತ್ತ ಇಳಿಯಲಿ. ಒಳಕ್ಕೆ ಸರಿದರೆ ಅಚ್ಚಿನಿಂದ ಮೇಣ ಬಿಡುವುದಿಲ್ಲ.

ಅಚ್ಚಿಗೆ 1.8 ಕೆ.ಜಿ. ಪ್ಲಾಸ್ಟರ್ ಆಫ್ ಪ್ಯಾರಿಸ್, 1.2 ಲೀಟರ್ ನೀರು. ನೀರಿಗೆ ಪುಡಿ ಉದುರಿಸಿ, ಒಂದು ನಿಮಿಷ ಬಿಟ್ಟು ನಿಧಾನವಾಗಿ ಕಲಸಿ. ಮೊದಲ ಪದರ ಬ್ರಷ್‌ನಲ್ಲಿ ಹಚ್ಚಿದರೆ ಗುಳ್ಳೆ ಉಳಿಯದು. ಗಟ್ಟಿಯಾದ ಮೇಲೆ ಮಣ್ಣು ತೆಗೆದು ತೊಳೆಯಿರಿ. ಮೇಣ ಅಂಟದಿರಲು ಸೋಪಿನ ನೀರು ಬಳಿಯುವವರಿದ್ದಾರೆ. ನಮ್ಮ ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಒಡೆದು, ಆ ಬಿಳಿ ಚೂರು ಮೇಣದ ಮೇಲೆ ಕೂರುತ್ತದೆ. ಬದಲಿಗೆ ಅಚ್ಚನ್ನು ಅರ್ಧ ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಮೇಲಿನ ಹನಿಯನ್ನು ಬಟ್ಟೆಯಲ್ಲಿ ಒತ್ತಿ ತೆಗೆಯಿರಿ.

ಬಣ್ಣ ಮೇಣದ ಒಳಗಿರಬೇಕು, ಮೇಲಲ್ಲ. ಮೇಲೆ ಬಳಿದ ಪೇಂಟ್‌ನಲ್ಲಿ ಅಂಗಾಂಶದ ಆ ಅರೆಪಾರದರ್ಶಕ ಹೊಳಪು ಸತ್ತೇ ಹೋಗುತ್ತದೆ. ಕಲಾವಿದರ ಆಯಿಲ್ ಕಲರನ್ನು ಒತ್ತುಕಾಗದದ (ಬ್ಲಾಟಿಂಗ್ ಪೇಪರ್) ಮೇಲೆ ಒಂದು ರಾತ್ರಿ ಬಿಟ್ಟು ಎಣ್ಣೆ ಹೀರಿಸಿ; ನೂರು ಗ್ರಾಂ ಮೇಣಕ್ಕೆ ಬಟಾಣಿ ಕಾಳಿನಷ್ಟು. ಪೋಸ್ಟರ್ ಕಲರ್ ಬೆರೆಯದು. ಮಣ್ಣಿನಲ್ಲಿ ಎತ್ತರವಿದ್ದ ಪಿರಮಿಡ್‌ಗಳು ಅಚ್ಚಿನಲ್ಲಿ ಗುಂಡಿಗಳಾಗಿರುತ್ತವೆ. ಗಾಢ ಕೆಂಗಂದು ಮೇಣವನ್ನು ಮೊದಲು ಅವಕ್ಕಷ್ಟೇ ತುಂಬಿ. ಅದು ಬೆರಳಿಗೆ ಅಂಟದಷ್ಟು ಬಿಗಿದ ಕೂಡಲೇ, ಬೆಚ್ಚಗಿರುವಾಗಲೇ, ಕಾರ್ಟೆಕ್ಸ್‌ನ ತಿಳಿ ಕಂದು ಮೇಣ ಹೊಯ್ಯಿರಿ. ಶಾಖ 75 ಡಿಗ್ರಿಯ ಆಸುಪಾಸು. ಹೆಚ್ಚಾದರೆ ಎರಡು ಬಣ್ಣ ಕಲೆಸುತ್ತವೆ, ತಣ್ಣಗಿದ್ದರೆ ಪದರ ಬಿಡುತ್ತದೆ. ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ ತುಂಬಿ. ಒಂದೇ ಸಲ ಹೊಯ್ದರೆ ನಡುಭಾಗ ಕುಸಿಯುತ್ತದೆ.

ಇಟಲಿಯ ಫ್ಲಾರೆನ್ಸ್‌ನಲ್ಲಿ 1775ರಲ್ಲಿ ತೆರೆದ ಲಾ ಸ್ಪೆಕೋಲಾ ಮ್ಯೂಸಿಯಂನ ಮೇಣದ ದೇಹಗಳಲ್ಲಿ ಸಣ್ಣ ನಾಳಗಳನ್ನು ಮೇಣ ಹತ್ತಿಸಿದ ದಾರದಲ್ಲೇ ಮಾಡಿದ್ದರು. ನಮಗೆ ಶಿಡ್ಲಘಟ್ಟದ ರೇಷ್ಮೆ ಹತ್ತಿರವೇ ಇದೆ. ಹತ್ತಿ ದಾರದಂತೆ ನಾರು ಏಳುವುದಿಲ್ಲ. ಹುರಿ ಮಾಡಿದ ರೇಷ್ಮೆಯನ್ನು ಕೆಂಪು ಮೇಣದಲ್ಲಿ ಅದ್ದಿ, ಬೆರಳ ನಡುವೆ ಎಳೆದು, ಪಿರಮಿಡ್‌ನ ಬುಡದುದ್ದಕ್ಕೂ ಬಿಸಿ ಸೂಜಿಯಲ್ಲಿ ಕೂರಿಸಿದರೆ ಅಲ್ಲಿ ಕಮಾನಿನಂತೆ ಬಾಗಿ ಹೋಗುವ ಆರ್ಕ್ಯುಯೇಟ್ ಅಪಧಮನಿ ಸಿದ್ಧ. ಹೈಲಮ್‌ನ (ನಾಳಗಳು ಒಳಹೊರಗೆ ಹೋಗುವ ಒಳಬಾಗಿದ ಜಾಗ) ದೊಡ್ಡ ನಾಳಗಳಿಗೆ ಅಲ್ಯೂಮಿನಿಯಂ ತಂತಿ ಒಳಗಿರಲಿ. ಮುಂದಿನಿಂದ ಹಿಂದಕ್ಕೆ ಕ್ರಮ ಅಭಿಧಮನಿ, ಅಪಧಮನಿ, ಪೆಲ್ವಿಸ್ (ಮೂತ್ರ ಸೇರುವ ಆಲಿಕೆಯಂಥ ಭಾಗ). ಇದು ತಪ್ಪಿದರೆ ಮಾದರಿಯಿಂದ ಕಲಿಯುವವರೆಲ್ಲ ತಪ್ಪನ್ನೇ ಕಲಿಯುತ್ತಾರೆ.

ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿ, ಕಿಟಕಿಯಿಂದ ದೂರ, ಮಲಗಿಸಿಯೇ ಇಡಿ. ಚಳಿಗಾಲದಲ್ಲಿ ಮೇಲೆ ಬಿಳಿ ಮಬ್ಬು ಕಂಡರೆ ಅದು ಬೂಷ್ಟಲ್ಲ, ಮೇಣದಿಂದಲೇ ಹೊರಬಂದದ್ದು. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಟರ್ಪೆಂಟೈನ್ ಸೋಕಿಸಬೇಡಿ, ಮೇಣವನ್ನೇ ಕರಗಿಸುತ್ತದೆ. ಹೆಸರು ಬರೆಯದೆ ಅಂಕಿಯ ಚೀಟಿ ಚುಚ್ಚಿ, ಉತ್ತರದ ಪಟ್ಟಿ ಬೇರೆ ಇಡಿ. ಮಾದರಿ ನೋಡಿ ಭಾಗಗಳನ್ನು ಗುರುತಿಸುವ ಸ್ಪಾಟರ್ ಪರೀಕ್ಷೆಗೂ ಅದೇ ಮಾದರಿ ಬಳಸಬಹುದು.