ಅಜ್ಜನ ಮೊದಲ ಹೆಂಡತಿಯನ್ನು ಹುಡುಕಿದ್ದು

ನಮ್ಮ ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಎರಡು ಮದುವೆಯಾದ ಕೇಸಿನಲ್ಲಿ ಅವರನ್ನು ಒಮ್ಮೆ ಪೊಲೀಸರು ಹಿಡಿದುಕೊಂಡು ಹೋಗಿದ್ದರು ಎಂಬ ಮಾತು ಮನೆಯಲ್ಲಿತ್ತು. ಮೊದಲನೆಯವಳ ಹೆಸರನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ನಾನು ಕಿರಿಯ ಹೆಂಡತಿಯ ಮೊಮ್ಮಗ. ಆ ಹೆಸರಾದರೂ ಸಿಗಲಿ ಎಂದು ಹೊರಟೆ.

ಮೊದಲು ಹೋದದ್ದು ಠಾಣೆಗೆ. ಅಷ್ಟು ಹಳೆಯ ರಜಿಸ್ಟರು ಉಳಿದಿಲ್ಲ ಎಂದರು. ದಾರಿ ತಿದ್ದಿದವರು ಧಾರವಾಡದ ಒಬ್ಬ ಹಿರಿಯ ವಕೀಲರು. “ತಮ್ಮಾ, ಎರಡನೆಯ ಮದುವೆ ಯಾವ ವರ್ಷದ್ದು?” ಎಂದು ಕೇಳಿದರು. ಅಪ್ಪನ ಶಾಲೆಯ ದಾಖಲೆಯಲ್ಲಿ ಹುಟ್ಟಿದ ವರ್ಷ 1938 ಎಂದಿತ್ತು. “ಹಾಗಾದರೆ ಅದು ಅಪರಾಧವೇ ಅಲ್ಲ” ಎಂದರು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಹಿಂದೂ ಗಂಡಸಿನ ಎರಡನೆಯ ಮದುವೆಯನ್ನು ಅಲ್ಲಿ ತಡೆದದ್ದು 1946ರ ಕಾನೂನು. ದೇಶಕ್ಕೆಲ್ಲ ಅದು ಬಂದದ್ದು 1955ರಲ್ಲಿ. ಅದಕ್ಕೆ ಮೊದಲು, ಎರಡನೆಯ ಮದುವೆಗೆ ಶಿಕ್ಷೆ ಹೇಳುವ ದಂಡ ಸಂಹಿತೆಯ 494ನೇ ಕಲಮು ಗಂಡನಿಗೆ ತಗಲುತ್ತಿರಲಿಲ್ಲ. ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ಇಲ್ಲದೆ ಹೆಂಡತಿ ಬೇರೆ ಮದುವೆಯಾಗಿದ್ದರೆ ಅದೇ ಕಲಮು ಅವಳನ್ನು ಜೈಲಿಗೆ ಕಳಿಸಬಹುದಿತ್ತು! ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಮತ್ತೆ ಪೊಲೀಸರು ಬಂದದ್ದೇಕೆ? ವಕೀಲರೇ ಹೇಳಿದರು: ಪೋಟಗಿ, ಅಂದರೆ ಜೀವನಾಂಶ. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 488ನೇ ಕಲಮಿನಂತೆ, ಗಂಡ ನೋಡಿಕೊಳ್ಳದ ಹೆಂಡತಿ ಮ್ಯಾಜಿಸ್ಟ್ರೇಟರ ಬಳಿ ಜೀವನಾಂಶ ಕೇಳಬಹುದಿತ್ತು. ಆದೇಶವಾದ ಮೇಲೂ ಗಂಡ ಹಣ ಕೊಡದಿದ್ದರೆ ವಾರಂಟು.

ಕೋರ್ಟಿನಲ್ಲಿ ಹುಡುಕಲು ಹೆಸರು ಬೇಕು, ನನ್ನ ಬಳಿ ಇಲ್ಲದ್ದೇ ಅದು. ಅದಕ್ಕೇ ಪತ್ರಿಕೆಗಳಿಗೆ ಬಂದೆ. ಅಜ್ಜ ಕೆಲಸಕ್ಕೆ ಸೇರಿದ್ದರಿಂದ ಹಿಡಿದು ಅಪ್ಪ ಹುಟ್ಟುವವರೆಗಿನ ಆರು ವರ್ಷಗಳನ್ನು ಗುರುತು ಹಾಕಿಕೊಂಡು, ಗ್ರಂಥಾಲಯಗಳಲ್ಲಿ ಉಳಿದ ಸಂಪುಟಗಳನ್ನು ತಿರುವಿದೆ. ಸುದ್ದಿಗಳನ್ನು ಓದುತ್ತ ಕುಳಿತು ಎರಡು ತಿಂಗಳು ಕಳೆದವು. ನೋಡಬೇಕಾದದ್ದು ಸುದ್ದಿಯನ್ನಲ್ಲ, ಜಾಹೀರು ನೋಟಿಸುಗಳನ್ನು. ಕೊನೆಯ ಪುಟದ ಮೂಲೆಯಲ್ಲಿ, ಪೇಟೆ ಧಾರಣೆಯ ಕೆಳಗೆ ಅದು ಸಿಕ್ಕಿತು: ನನ್ನ ಹೆಂಡತಿ ಇಂಥವಳು ನನ್ನ ಒಪ್ಪಿಗೆಯಿಲ್ಲದೆ ತವರಿಗೆ ಹೋಗಿದ್ದಾಳೆ, ಯಾರೂ ಸಾಲ ಕೊಡಬಾರದು, ಕೊಟ್ಟರೆ ನಾನು ಜವಾಬ್ದಾರನಲ್ಲ. ಕೆಳಗೆ ಅಜ್ಜನ ಹೆಸರು. ಅವಳನ್ನು ದೂರ ಮಾಡಲು ಅಚ್ಚು ಹಾಕಿಸಿದ ನಾಲ್ಕು ಸಾಲಿನಲ್ಲೇ ಅವಳ ಹೆಸರೂ ತವರೂರೂ ಉಳಿದಿದ್ದವು.

ಊರು ಗದಗಿನ ಹತ್ತಿರದ್ದು. ತಲಾಠಿ (ಗ್ರಾಮ ಲೆಕ್ಕಿಗರ) ಕಚೇರಿಯಲ್ಲಿ ಹಳೆಯ ಉತಾರ, ಅಂದರೆ ಹೊಲದ ದಾಖಲೆಯ ನಕಲು, ತೆಗೆಸಿದಾಗ ಅವಳ ತಂದೆಯ ಹೊಲ, ಅದರ ವಾರಸುದಾರರಲ್ಲಿ ಒಬ್ಬ ಹೆಣ್ಣುಮಗಳು ಸಿಕ್ಕಳು. ಅಪ್ಪನಿಗೆ ಅಕ್ಕ, ನನಗೆ ಅತ್ತೆ. ಬದುಕಿದ್ದರು.

ಒಂದು ಮಾತು ಹೇಳಲೇಬೇಕು. ಹೆಸರು ಸಿಕ್ಕ ಕೂಡಲೇ ಕಾಗದ ಹಿಡಿದು ಬಾಗಿಲಿಗೆ ಹೋಗಬೇಡಿ. ನಾನು ಊರಿನ ಹಿರಿಯರೊಬ್ಬರ ಮೂಲಕ ಮೊದಲು ಹೇಳಿ ಕಳಿಸಿ, ಅವರು ಬಾ ಎಂದ ಮೇಲೆ ಹೋದೆ.

ಅತ್ತೆ ಟ್ರಂಕಿನಿಂದ ಕೋರ್ಟಿನ ನಕಲೊಂದನ್ನು ತೆಗೆದರು. ಇಂಗ್ಲಿಷಿನಲ್ಲಿತ್ತು, ಅದರಲ್ಲಿ ಏನಿದೆ ಎಂದು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ತಿಂಗಳಿಗೆ ಎಂಟು ರೂಪಾಯಿ ಪೋಟಗಿ, ಬಾಕಿಗಾಗಿ ವಾರಂಟು. ಕನ್ನಡದಲ್ಲಿ ನಿಧಾನವಾಗಿ ಹೇಳುತ್ತ ಹೋದೆ. ಅತ್ತೆ ಮಧ್ಯದಲ್ಲಿ ತಡೆದು, “ನನ್ನವ್ವನ ಹೆಸರು ಎಲ್ಲಿದೆ, ಬೆರಳಿಟ್ಟು ತೋರಿಸು” ಎಂದರು.