ಸವೆದ ವಸ್ತುವಿನ ಚೆಂದ ನೋಡುವುದು ಹೇಗೆ

ಮನೆಯಲ್ಲಿರುವ ಒಂದು ಹಳೇ ವಸ್ತು ಕೈಗೆ ತೆಗೆದುಕೊಳ್ಳಿ. ಕತ್ತರಿ, ಸುತ್ತಿಗೆ, ಮರದ ಸೌಟು, ಏನಾದರೂ ಸರಿ, ಹತ್ತಾರು ವರ್ಷ ಬಳಸಿದ್ದಾದರೆ ಸಾಕು. ಈಗ ಕಣ್ಣು ಮುಚ್ಚಿಕೊಂಡು ಅದನ್ನು ಕೆಲಸಕ್ಕೆ ಹಿಡಿಯುವ ಹಾಗೇ ಹಿಡಿಯಿರಿ. ಹೆಬ್ಬೆರಳು ಕೂತ ಜಾಗ ಸ್ವಲ್ಪ ತಗ್ಗಾಗಿದೆಯಾ, ಬೇರೆ ಕಡೆಗಿಂತ ನುಣುಪಾಗಿದೆಯಾ ನೋಡಿ. ಇದ್ದರೆ, ಆ ತಗ್ಗನ್ನು ಯಾರೂ ಕೆತ್ತಿಲ್ಲ. ಯಾರದೋ ಹೆಬ್ಬೆರಳು ಸಾವಿರಾರು ಸಲ ಅಲ್ಲೇ ಕೂತು ಕೂತು ಅದಾಗಿದೆ.

ನನಗೆ ಹಳೇ ವಸ್ತುಗಳ ಹುಚ್ಚು ಹತ್ತಿದ್ದು ಇಂಥದ್ದೇ ಒಂದು ಸುತ್ತಿಗೆಯ ಹಿಡಿಯಿಂದ. ದೂರದಿಂದ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ, ಕಪ್ಪಗಾದ ಒಂದು ಕೋಲು ಅಷ್ಟೇ. ಹಿಡಿದಾಗ ಮಾತ್ರ ನನ್ನ ಕೈ ಬೇರೊಬ್ಬರ ಕೈಯೊಳಗೆ ಹೋಗಿ ಕೂತ ಹಾಗಾಯಿತು. ಅವರ ಅಂಗೈ ನನ್ನದಕ್ಕಿಂತ ದೊಡ್ಡದಿತ್ತು ಅನ್ನೋದು ಕೂಡ ಗೊತ್ತಾಯಿತು.

ಹಳೇದೆಲ್ಲ ಚೆಂದ ಅಂತ ನಾನು ಹೇಳುವುದಿಲ್ಲ. ಹಳೇದಾಗಿದ್ದೂ ಕಳಪೆಯಾಗಿರುವ ವಸ್ತುಗಳು ಬೇಕಾದಷ್ಟಿವೆ. ನಾನು ಕಲಿತದ್ದು ಒಂದೇ ಅಭ್ಯಾಸ: ಗೀರು, ತಗ್ಗು, ಕಲೆ, ಸೊಟ್ಟ, ಏನು ಕಂಡರೂ "ಇದು ಇಲ್ಲೇ ಯಾಕಿದೆ?" ಅಂತ ಕೇಳುವುದು. ಕಾರಣ ಸಿಕ್ಕಿತೋ, ಅದೇ ಗುರುತು ಬೇರೆ ಥರ ಕಾಣತೊಡಗುತ್ತದೆ. ಕೆಳಗೆ ಬರೆದಿರುವುದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಗಳು.

ಮೊದಲು ಬೆಳಕು ಸರಿ ಮಾಡಿಕೊಳ್ಳಿ

ಮೇಲಿನಿಂದ ನೇರ ಬೀಳುವ ಬೆಳಕಿನಲ್ಲಿ ಎಲ್ಲ ವಸ್ತುಗಳೂ ಚಪ್ಪಟೆಯಾಗಿ ಕಾಣುತ್ತವೆ. ಕೋಣೆಯ ದೀಪ ಆರಿಸಿ. ವಸ್ತುವನ್ನು ಕಿಟಕಿಯ ಪಕ್ಕ ಇಟ್ಟು ಬೆಳಕು ಓರೆಯಾಗಿ ಬೀಳುವ ಹಾಗೆ ಮಾಡಿ, ಅಥವಾ ಮೊಬೈಲ್ ಟಾರ್ಚನ್ನು ವಸ್ತುವಿನ ಮೈಗೆ ತಾಗುವಷ್ಟು ಕೆಳಗೆ, ಪಕ್ಕದಿಂದ ಹಿಡಿಯಿರಿ. ಸಣ್ಣ ಏರುತಗ್ಗಿಗೂ ನೆರಳು ಬೀಳುತ್ತದೆ. ಸಪಾಟಾಗಿದೆ ಅಂದುಕೊಂಡ ಹಲಗೆಯ ಮೇಲೆ ಉಜ್ಜುಗೊರಡು ಓಡಿದ ಪಟ್ಟೆಗಳು ಸಾಲಾಗಿ ಎದ್ದು ಬರುತ್ತವೆ. ಮ್ಯೂಸಿಯಂಗಳಲ್ಲಿ ವರ್ಣಚಿತ್ರಗಳನ್ನು ಪರೀಕ್ಷಿಸುವಾಗಲೂ ಹೀಗೇ ಪಕ್ಕದ ಬೆಳಕು ಹಾಕಿ ನೋಡುತ್ತಾರೆ.

ಸವೆತ ಆಗಬೇಕಾದ ಕಡೆಯೇ ಆಗಿದೆಯಾ?

ಹಳೇ ಕುರ್ಚಿ ನೋಡುವಾಗ ಅದರಲ್ಲಿ ಕೂರುವವರನ್ನು ಮನಸ್ಸಿಗೆ ತಂದುಕೊಳ್ಳಿ. ಕಾಲು ಇಡುವ ಮುಂದಿನ ಅಡ್ಡಪಟ್ಟಿ ಸವೆಯಬೇಕು. ಕೈ ಆನಿಸುವ ತುದಿಗಳು ಹೊಳೆಯಬೇಕು. ಹಿಂದಿನ ಕಾಲುಗಳ ತಳ, ಹಿಂದಕ್ಕೆ ವಾಲಿ ಕೂರುವವರ ದೆಸೆಯಿಂದ, ಓರೆಯಾಗಿ ತೇದಿರಬಹುದು. ಮೇಜಿನ ಡ್ರಾಯರನ್ನು ಪೂರ್ತಿ ಹೊರಗೆ ಎಳೆದು ತಿರುಗಿಸಿ ನೋಡಿ, ಜಾರುವ ಅಂಚುಗಳು ಮುಂದಕ್ಕಿಂತ ಹಿಂದೆ ಬೇರೆ ಥರ ಸವೆದಿರುತ್ತವೆ, ಯಾಕೆಂದರೆ ಡ್ರಾಯರ್ ಎಳೆದಾಗ ಭಾರ ಬೀಳುವ ಜಾಗ ಬದಲಾಗುತ್ತಾ ಹೋಗುತ್ತದೆ.

ಹಳೇದರ ಥರ ಕಾಣಲಿ ಅಂತ ಹೊಸದನ್ನೇ ಗೀರಿ, ಬಣ್ಣ ಕೆರೆದು ಮಾರುವುದೂ ಇದೆ. ಅಂಥದ್ದು ಸಿಕ್ಕಿಬೀಳುವುದು ಇಲ್ಲೇ. ಎಲ್ಲ ಅಂಚುಗಳೂ ಒಂದೇ ಸಮ ಸವೆದಿರುತ್ತವೆ. ಯಾರ ಕೈಯೂ ಹೋಗದ ಹಿಂಭಾಗದ ಮೂಲೆಯಲ್ಲೂ ಬಣ್ಣ ಕಿತ್ತಿರುತ್ತದೆ. ಸ್ಯಾಂಡ್‌ಪೇಪರಿಗೆ ಕಾರಣ ಗೊತ್ತಿಲ್ಲ, ಅಲ್ವಾ. ಅಂಥ ವಸ್ತು ನಿಮಗೆ ಇಷ್ಟವಾದರೆ ಖಂಡಿತ ಇಟ್ಟುಕೊಳ್ಳಿ, ಹಳೇದು ಅಂತ ನಂಬಿ ಮಾತ್ರ ಕೊಳ್ಳಬೇಡಿ.

ಮರದ ವಸ್ತುವಿನ ವಯಸ್ಸು ತಿಳಿಯೋಕೆ ನನಗೆ ತುಂಬ ಇಷ್ಟವಾದ ಪರೀಕ್ಷೆ ಒಂದಿದೆ. ಹಳೇ ದುಂಡು ಮೇಜಿನ ಹಲಗೆಯನ್ನು ಟೇಪಿನಲ್ಲಿ ಎರಡು ಕಡೆಯಿಂದ ಅಳೆಯಿರಿ, ಒಮ್ಮೆ ಮರದ ಎಳೆಯ ಉದ್ದಕ್ಕೆ, ಒಮ್ಮೆ ಎಳೆಗೆ ಅಡ್ಡಲಾಗಿ. ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ಇಡೀ ಮರದ ಹಲಗೆಯಿಂದ ಮಾಡಿದ ಹಳೇ ದುಂಡು ಮೇಜು ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಟೇಪಿಗೆ ಸಿಗುತ್ತದೆ. ಮೊದಲ ಸಲ ಅಳೆದು ಎರಡು ಅಂಕಿ ಬೇರೆ ಬೇರೆ ಬಂದಾಗ ನನಗಾದ ಖುಷಿ ಇನ್ನೂ ನೆನಪಿದೆ, ಕಡಿದು ಎಷ್ಟೋ ವರ್ಷವಾದ ಮರ ಇನ್ನೂ ಅಲುಗಾಡುತ್ತಿದೆಯಲ್ಲ ಅಂತ.

ಸ್ಕ್ರೂಗಳನ್ನೂ ನೋಡಿ. ಪ್ಲಸ್ ಗುರುತಿನ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೂ ಹಿಂದಿನದು ಅಂತ ಹೇಳುವ ಪೆಟ್ಟಿಗೆಯಲ್ಲಿ ಅದು ಕಂಡರೆ, ಒಂದೋ ಆಮೇಲೆ ರಿಪೇರಿ ಆಗಿದೆ, ಇಲ್ಲವೇ ಹೇಳಿದ್ದು ಸುಳ್ಳು.

ಕೈಕೆಲಸದ ಗುರುತು

ಮಣ್ಣಿನ ಪಾತ್ರೆಯ ಒಳಗೆ ಬೆರಳಾಡಿಸಿ. ತಿಗರಿಯ ಮೇಲೆ ಮಾಡಿದ್ದಾದರೆ ತಳದಿಂದ ಬಾಯಿಯವರೆಗೆ ಸುರುಳಿಯಾಗಿ ಏರುವ ಸಣ್ಣ ಅಲೆಗಳು ತಾಗುತ್ತವೆ. ಕುಂಬಾರರ ಬೆರಳು ಮಣ್ಣನ್ನು ಮೇಲೆತ್ತಿದ ದಾರಿ ಅದು. ಕೈಯಲ್ಲಿ ಗಂಟು ಹಾಕಿದ ರತ್ನಗಂಬಳಿಯನ್ನು ಮಗುಚಿದರೆ ಹಿಂಬದಿಯಲ್ಲೂ ಅದೇ ಚಿತ್ತಾರ ಸ್ಪಷ್ಟವಾಗಿರುತ್ತದೆ, ಗಂಟುಗಳು ಒಂದೊಂದೂ ಚೂರು ಚೂರು ಬೇರೆ. ಅದರ ತುದಿಯ ಕುಚ್ಚು ಹಾಸಿನ ಎಳೆಗಳೇ ಹೊರಗೆ ಬಂದದ್ದು. ಮಷಿನ್ನಿನದರಲ್ಲಿ ಎಷ್ಟೋ ಸಲ ಕುಚ್ಚನ್ನು ಆಮೇಲೆ ಹೊಲಿದು ಸೇರಿಸಿರುತ್ತಾರೆ. ಕೈಯಲ್ಲಿ ಊದಿದ ಗಾಜಿನ ತಳದಲ್ಲಿ, ಕೆಲಸ ಮಾಡುವಾಗ ಅದನ್ನು ಹಿಡಿದಿದ್ದ ಕಬ್ಬಿಣದ ಸಲಾಕೆಯನ್ನು ಮುರಿದು ಬಿಡಿಸಿದ ಒರಟು ಗುರುತು ಸಿಗಬಹುದು, ಮೈಯಲ್ಲಿ ಸಣ್ಣ ಗುಳ್ಳೆಗಳೂ ಇರಬಹುದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸೊಟ್ಟಗಿದ್ದರೆ ಕೈಕೆಲಸ, ಕೈಕೆಲಸವಾದರೆ ಚೆಂದ ಅಂತ ಜನ ಅಂದುಕೊಳ್ಳುತ್ತಾರೆ. ಇದು ಒಳ್ಳೆಯ ಕೆಲಸಗಾರರಿಗೆ ಮಾಡುವ ಅನ್ಯಾಯ. ಹಿಂದಿನ ಬಡಗಿ ಡ್ರಾಯರಿನ ಮುಂಭಾಗ ಕನ್ನಡಿಯ ಹಾಗೆ ನುಣುಪು ಮಾಡುತ್ತಿದ್ದರು, ತಳದ ಹಲಗೆಯನ್ನು ಒರಟಾಗೇ ಬಿಡುತ್ತಿದ್ದರು. ಅದು ಸೋಮಾರಿತನ ಅಲ್ಲ. ಅಲ್ಲಿ ನುಣುಪು ಬೇಕಿರಲಿಲ್ಲ, ಸಮಯ ಬೇಕಾದ ಕಡೆಗೆ ಹೋಯಿತು. ಎರಡು ಹಲಗೆಗಳು ಪಾರಿವಾಳದ ಬಾಲದಾಕಾರದ ಹಲ್ಲುಗಳಿಂದ ಒಂದಕ್ಕೊಂದು ಕಚ್ಚಿಕೊಳ್ಳುವ ಮೂಲೆಯ ಡವ್‌ಟೇಲ್ ಜಾಯಿಂಟಿನಲ್ಲಿ ಆ ಹಲ್ಲುಗಳು ಒಂದು ದಪ್ಪ ಒಂದು ಸಣ್ಣ ಇರಬಹುದು, ಆದರೆ ಕೂಡುವಲ್ಲಿ ಕೂದಲೆಳೆಯಷ್ಟೂ ಸಂದು ಇರುವುದಿಲ್ಲ. ಎಲ್ಲಿ ಬಿಗಿ ಬೇಕೋ ಅಲ್ಲಿ ಬಿಗಿ, ಎಲ್ಲಿ ಬೇಡವೋ ಅಲ್ಲಿ ಸಡಿಲ. ನಾನು ಈಗ ಯಾವ ವಸ್ತು ನೋಡಿದರೂ ಮೊದಲು ಹುಡುಕುವುದು ಇದನ್ನೇ. ಹೂಜಿಯ ಮೈ ಸ್ವಲ್ಪ ವಾಲಿದ್ದರೂ ಸರಿ, ಮೂತಿಯಿಂದ ನೀರು ಸುರಿದಾಗ ತೊಟ್ಟಿಕ್ಕಬಾರದು.

ಹೆಸರಿಲ್ಲದ ಇಂಥ ಕೆಲಸಗಾರರು ದಿನಬಳಕೆಗೆ ಮಾಡಿದ ವಸ್ತುಗಳ ಚೆಂದವನ್ನು ಜಪಾನಿನ ಚಿಂತಕ ಯಾನಾಗಿ ಸೋಯೆತ್ಸು ಜೀವನವಿಡೀ ಎತ್ತಿ ತೋರಿಸಿದರು. ಅವರೂ ಕುಂಬಾರ ಗೆಳೆಯರೂ ಸೇರಿ 1925ರಲ್ಲಿ ಇದಕ್ಕೆ 'ಮಿಂಗೇಯ್' ಅಂತ ಹೆಸರಿಟ್ಟರು, ಜನರ ಕೈಕಸುಬು ಅನ್ನೋ ಅರ್ಥದಲ್ಲಿ. 1936ರಲ್ಲಿ ಟೋಕಿಯೋದಲ್ಲಿ ಅಂಥ ಬಟ್ಟಲು, ಬಟ್ಟೆ, ಬುಟ್ಟಿಗಳಿಗೇ ಒಂದು ಮ್ಯೂಸಿಯಂ ತೆರೆಯಿತು.

ಸವೆತ ಬೇರೆ, ಹಾಳಾಗುವುದು ಬೇರೆ

ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ತಾಮ್ರದ ಹೊದಿಕೆ ಕೇವಲ 2.4 ಮಿಲಿಮೀಟರ್ ದಪ್ಪ. 1886ರಲ್ಲಿ ಅನಾವರಣ ಆದಾಗ ಅದು ಹಸಿರಾಗಿರಲಿಲ್ಲ, ತಾಮ್ರದ ಬಣ್ಣದಲ್ಲೇ ಇತ್ತು. ಗಾಳಿ ಮಳೆಗೆ ನಿಧಾನವಾಗಿ ಕಪ್ಪಾಗಿ ಆಮೇಲೆ ಹಸಿರಾಯಿತು. ಆ ಹಸಿರು ಪದರವೇ ಒಳಗಿನ ತಾಮ್ರವನ್ನು ಕಾಯುತ್ತಿದೆ. ಕಬ್ಬಿಣದ ತುಕ್ಕು ಹೀಗಲ್ಲ. ಅದು ಉಬ್ಬಿ, ಪುಡಿಯಾಗಿ ಉದುರುತ್ತದೆ, ನೀರೂ ಗಾಳಿಯೂ ಮತ್ತೆ ಒಳಗೆ ಹೋಗಲು ದಾರಿ ಬಿಡುತ್ತದೆ, ಕಬ್ಬಿಣ ಮುಗಿಯುವವರೆಗೂ ನಡೆಯುತ್ತಲೇ ಇರುತ್ತದೆ.

ಹಾಗಾಗಿ ಎರಡನೇ ಪ್ರಶ್ನೆ: ಇದು ನಿಂತಿದೆಯಾ, ಇನ್ನೂ ನಡೆಯುತ್ತಿದೆಯಾ? ಮರದಲ್ಲಿ ಸಣ್ಣ ತೂತುಗಳಿದ್ದರೆ ಹೆದರಬೇಡಿ, ಕೆಳಗೆ ಒಂದು ಕಪ್ಪು ಕಾಗದ ಹಾಸಿ ಕೆಲವು ವಾರ ಬಿಡಿ. ಹೊಸ ಪುಡಿ ಬಿದ್ದರೆ ಹುಳು ಜೀವಂತ ಇದೆ, ಆ ವಸ್ತುವನ್ನು ಬೇರೆ ಮರದ ಸಾಮಾನಿನಿಂದ ದೂರ ಇಟ್ಟು ಔಷಧಿ ಮಾಡಿಸಿ. ಪುಡಿ ಬೀಳದಿದ್ದರೆ ಬಹುಶಃ ಹಳೇ ಕತೆ, ಆದರೂ ಬೆಚ್ಚಗಿನ ತಿಂಗಳುಗಳಲ್ಲಿ ಇನ್ನೊಮ್ಮೆ ನೋಡಿ. ಉಣ್ಣೆಯ ಬಟ್ಟೆಯಲ್ಲಿ ನುಸಿ ಇದೆ ಅನ್ನಿಸಿದರೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ.

ಇನ್ನು ಕೆಲವು ವಿಷಯದಲ್ಲಿ ಚೆಂದಕ್ಕೆ ಸೋಲಬಾರದು. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅಮೆರಿಕದಲ್ಲಿ ಮನೆಗಳಿಗೆ ಬಳಿಯುವ ಸೀಸದ ಬಣ್ಣಕ್ಕೆ ನಿಷೇಧ ಬಂದದ್ದೇ 1978ರಲ್ಲಿ. ಪುಡಿಯಾಗುತ್ತಿರುವ ಹಳೇ ಬಣ್ಣವನ್ನು ಒಣಗಿದ್ದ ಹಾಗೇ ಉಜ್ಜಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಹಳೇ ಪಿಂಗಾಣಿಯ ಮೆರುಗಿನಲ್ಲೂ ಸೀಸ ಇರಬಹುದು. ಮೆರುಗು ಜಾಲದಂತೆ ಬಿರುಕು ಬಿಟ್ಟಿದ್ದರೆ, ಅದು ಎಷ್ಟೇ ಮುದ್ದಾಗಿದ್ದರೂ, ಕಪಾಟಿನಲ್ಲಿಟ್ಟು ನೋಡಿ. ಊಟಕ್ಕೆ ಬೇಡ.

ತೊಳೆಯುವ ಆತುರ ಬೇಡ

ಒಂದು ಹಳೇ ಹಿತ್ತಾಳೆ ಡಬ್ಬಿ ನನ್ನ ಕೈಗೆ ಬಂದ ದಿನವೇ ಪಾಲಿಶ್ ಹಚ್ಚಿ ತಿಕ್ಕಿದೆ. ಅರ್ಧ ಗಂಟೆಯಲ್ಲಿ ಥಳಥಳ ಹೊಳೆಯಿತು. ಅದಕ್ಕೂ ಮೊದಲು ಮುಚ್ಚಳ ತೆರೆಯುವ ಕಡೆ ಬೆರಳು ತಾಗಿ ತಾಗಿ ಅಷ್ಟೇ ಜಾಗ ಬೆಳ್ಳಗೆ ಮಿನುಗುತ್ತಿತ್ತು, ಉಳಿದದ್ದು ಜೇನಿನ ಬಣ್ಣಕ್ಕೆ ತಿರುಗಿತ್ತು. ಈಗ ಎಲ್ಲವೂ ಒಂದೇ ಬಣ್ಣ. ಆ ಗುರುತನ್ನು ಮತ್ತೆ ತರೋಕೆ ಆಗುವುದಿಲ್ಲ, ಅಷ್ಟು ವರ್ಷ ನಾನು ಎಲ್ಲಿಂದ ತರಲಿ.

ಈ ತಪ್ಪು ದೊಡ್ಡ ದೊಡ್ಡ ಕಟ್ಟಡಗಳಿಗೂ ಆಗಿದೆ. ಇಂಗ್ಲೆಂಡಿನಲ್ಲಿ ಹಳೇ ಚರ್ಚುಗಳ ಗೋಡೆಗಳನ್ನು ಕೆರೆದು ಹೊಸದರಂತೆ ಮಾಡುವುದು ಹೆಚ್ಚಾದಾಗ, ಕವಿಯೂ ವಿನ್ಯಾಸಕಾರನೂ ಆಗಿದ್ದ ವಿಲಿಯಂ ಮೋರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳನ್ನು ಉಳಿಸಲು ಒಂದು ಸಂಘವನ್ನೇ ಕಟ್ಟಿದರು. ಹೊಸದು ಮಾಡಬೇಡಿ, ದಿನಾ ನೋಡಿಕೊಳ್ಳಿ ಅನ್ನುವುದು ಅವರ ವಾದದ ತಿರುಳು.

ನಾನೀಗ ಮಾಡುವುದು ಹೀಗೆ. ಮೊದಲ ಒಂದು ವಾರ ಸುಮ್ನೆ ಇಟ್ಟು ನೋಡುತ್ತೇನೆ. ಆಮೇಲೆ ಮೆತ್ತನೆಯ ಒಣ ಬ್ರಷ್. ಅದರಿಂದ ಹೋಗದ ಕೊಳೆಗೆ ಗಟ್ಟಿಯಾಗಿ ಹಿಂಡಿದ ಒದ್ದೆ ಬಟ್ಟೆ, ಅದೂ ಮೊದಲು ಕಾಣದ ಮೂಲೆಯಲ್ಲಿ. ಮರಕ್ಕೆ ಕೊನೆಗೆ ತೆಳ್ಳಗೆ ಜೇನುಮೇಣ. ಇಷ್ಟರಲ್ಲೇ ಜಾಸ್ತಿ ವಸ್ತುಗಳ ಕೆಲಸ ಮುಗಿಯುತ್ತದೆ. ಅಗಸೆ ಎಣ್ಣೆ ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಿ: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ.

ತೇಪೆ ಕಾಣಲಿ

ಒಡೆದ ಬಟ್ಟಲನ್ನು ಅರಗಿನಂಥ ಮರದ ರಸದಿಂದ ಅಂಟಿಸಿ, ಆ ಬಿರುಕಿನ ಮೇಲೆ ಚಿನ್ನದ ಪುಡಿ ಉದುರಿಸುವ ಜಪಾನಿನ ಕಿಂತ್ಸುಗಿ ಈಗ ಎಲ್ಲರಿಗೂ ಗೊತ್ತು. ಉರುಶಿ ಅನ್ನುವ ಆ ರಸ ಹಸಿಯಾಗಿದ್ದಾಗ ಚರ್ಮಕ್ಕೆ ತಾಗಿದರೆ ಕೆಲವರಿಗೆ ಕೆಟ್ಟ ತುರಿಕೆ ಬರುತ್ತದೆ, ಕೈಗವಸು ಬೇಕೇ ಬೇಕು. ಮನೆಯಲ್ಲಿ ಮಾಡುವ ಕಿಟ್‌ಗಳಲ್ಲಿ ಹೆಚ್ಚಾಗಿ ಎಪಾಕ್ಸಿ ಅಂಟು ಇರುತ್ತದೆ, ಊಟಕ್ಕೆ ಬಳಸಬಹುದು ಅಂತ ಅದರ ಮೇಲೆ ಬರೆದಿರದಿದ್ದರೆ ಆ ಬಟ್ಟಲಿನಲ್ಲಿ ತಿನ್ನಬೇಡಿ.

ನನ್ನ ಕೇಳಿದರೆ ಬಟ್ಟೆಯಿಂದ ಶುರು ಮಾಡಿ. ತೂತಿಗಿಂತ ಎಲ್ಲ ಕಡೆ ಒಂದು ಬೆರಳಷ್ಟು ಆಚೆಗೆ, ಗಟ್ಟಿ ಇರುವ ಬಟ್ಟೆಯಿಂದ ಹೊಲಿಗೆ ಶುರುವಾಗಬೇಕು. ಮೊದಲು ಉದ್ದಕ್ಕೆ ಎಳೆಗಳು, ಆಮೇಲೆ ಅಡ್ಡಕ್ಕೆ, ಒಂದರ ಮೇಲೆ ಒಂದರ ಕೆಳಗೆ ಹಾಯಿಸುತ್ತಾ, ಅಂದರೆ ಹಾಸುಹೊಕ್ಕಿನ ಪುಟ್ಟ ನೇಯ್ಗೆ. ದಾರ ಬಟ್ಟೆಯ ಎಳೆಯಷ್ಟೇ ದಪ್ಪ ಇರಲಿ, ಅದಕ್ಕಿಂತ ಗಟ್ಟಿಯಾದರೆ ಪಕ್ಕದಲ್ಲೇ ಹರಿಯುತ್ತದೆ. ಜಾಸ್ತಿ ಎಳೆದು ಬಿಗಿಯಬೇಡಿ, ಸುಕ್ಕಾಗುತ್ತದೆ. ಬಣ್ಣ ಹೊಂದಿಸಲು ಒದ್ದಾಡಬೇಡಿ, ಬೇರೆ ಬಣ್ಣವೇ ಇರಲಿ. ಬಟ್ಟೆ ಎಲ್ಲಿ ಹರಿಯಿತು, ಯಾರು ಕೂತು ಹೊಲಿದರು ಅನ್ನುವುದು ಮುಂದೆ ಅದನ್ನು ಹಾಕಿಕೊಳ್ಳುವವರಿಗೂ ಕಾಣಲಿ.

ಹೊಸದು ಕೊಳ್ಳುವಾಗ

ಎಲ್ಲ ವಸ್ತುವೂ ಚೆಂದವಾಗಿ ಹಳೇದಾಗುವುದಿಲ್ಲ. ಮರದ ಚಿತ್ರ ಅಂಟಿಸಿದ ಹಲಗೆ ಸವೆದರೆ ಒಳಗಿನ ಹೊಟ್ಟು ಕಾಣುತ್ತದೆ. ಚರ್ಮದ ಪುಡಿಯನ್ನು ಅಂಟಿಸಿ ಮೇಲೆ ಪ್ಲಾಸ್ಟಿಕ್ ಬಳಿದ ಬ್ಯಾಗು ಸಿಪ್ಪೆ ಸುಲಿಯುತ್ತದೆ. ಅದೇ, ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ ಬಿಸಿಲಿಗೆ, ಕೈಯ ಎಣ್ಣೆಗೆ ಕಂದುಬಣ್ಣ ಏರುತ್ತಾ ಹೋಗುತ್ತದೆ. ಹಗ್ಗದಂತೆ ಹೊಸೆದ ನೂಲಿಗೆ ನೀಲಿ ಬಣ್ಣ ಹಾಕಿದಾಗ ನಡುವಿನವರೆಗೆ ಇಳಿಯದೆ ಹೊರಗೇ ನಿಲ್ಲುವುದರಿಂದ ಜೀನ್ಸ್ ಮಡಚಿದಲ್ಲೆಲ್ಲ ಬೆಳ್ಳಗಾಗುತ್ತದೆ, ಹಾಕಿಕೊಂಡವರ ಮೊಣಕಾಲಿನ ಅಳತೆಗೆ ಸರಿಯಾಗಿ. ಕೊಳ್ಳುವ ಮೊದಲು ಅಂಗಡಿಯವರನ್ನು ಕೇಳಿ: ಇದರ ಮೇಲ್ಮೈ ಸವೆದರೆ ಕೆಳಗೆ ಏನಿದೆ? ಕೆಳಗೂ ಅದೇ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ.

ತಂದ ದಿನವೇ ಬಳಸಲು ಶುರು ಮಾಡಿ, ಗೀರು ಬೀಳುತ್ತದೆ ಅಂತ ಬಟ್ಟೆ ಸುತ್ತಿ ಇಡಬೇಡಿ. ಮೊದಲ ದಿನ ಕಿಟಕಿಯ ಓರೆ ಬೆಳಕಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಒಂದು ವರ್ಷ ಆದ ಮೇಲೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿಟ್ಟು ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ನಿಮ್ಮ ಹೆಬ್ಬೆರಳು ಎಲ್ಲಿ ಕೂರುತ್ತದೆ ಹುಡುಕಿ.